ಮಾವನ ಕೊಂಬೆ ಪರೀಕ್ಷೆ

ನಮ್ಮ ಸೋದರಮಾವ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಹೊಸದುರ್ಗ ತಾಲ್ಲೂಕಿನಲ್ಲಿ ಯಾರಾದರೂ ಕಂಡಿದ್ದರೆ ದಯವಿಟ್ಟು ನನಗೆ ತಿಳಿಸಿ! ಅವರ ಕಣ್ಣು ಯಾವಾಗಲೂ ಎದುರಿನವರ ತಲೆಯಿಂದ ಮೇಲಕ್ಕೆ, ಯಾವುದೋ ಎಳೇ ಮರದ ಕೊಂಬೆಯಲ್ಲಿ. ಸಾವಿನ ಮನೆಯಿಂದಲೂ ಎದ್ದು ಹೋಗಿ ಕೊಂಬೆಯ ಬುಡ ಒತ್ತಿ ನೋಡಬೇಕು, ತೊಗಟೆ ಕೆರೆದು ಹಸಿರಿದೆಯೇ ನೋಡಬೇಕು, ಈ ವರ್ಷ ಎಷ್ಟು ಬೆಳೆದಿದೆ ಅಂತ ಗೇಣು ಹಾಕಬೇಕು. "ಧಾರೆ ಹೊತ್ನಾಗೂ ನನ್ ಮುಖ ನೋಡ್ಲಿಲ್ಲ ಕಣೇ, ಚಪ್ಪರದ ಕಂಬ ನೋಡ್ತಿದ್ರು" ಅಂತ ಅತ್ತೆ ಇವತ್ತಿಗೂ ಗೊಣಗುತ್ತಾರೆ.

ಇಂಥವರನ್ನು ನನ್ನ ಗಂಡಿನ ಮನೆ ನೋಡಲು ಕಳಿಸುವುದೇ? ಹಿರಿಯೂರು ಕಡೆ ಆದಿವಾಲದ ಹುಡುಗ, ದಾಳಿಂಬೆ ತೋಟ. ನನಗೆ ಒಪ್ಪಿಗೆಯಾಗಿದ್ದ. ಎಷ್ಟು ಒಪ್ಪಿಗೆ ಅಂತ ಇಲ್ಲಿ ಬರೆಯೋದು ಬೇಡ! ಆದರೆ ಮಾವ ಹೂಂ ಅನ್ನದೆ ನಮ್ಮಲ್ಲಿ ಮದುವೆ ಮಾತು ಮುಂದೆ ಹೋಗುವುದಿಲ್ಲ.

"ಅವ್ರ ಹಿತ್ತಲಾಗೆ ಎಳೇ ಹೊಂಗೆ ಐತಂತೆ. ಎಲೆ ಉದುರ್ಲಿ, ಆಮೇಲೆ ಹೋಗಾಣ" ಅಂದರು.

"ಗಂಡು ನೋಡಾಕೆ ಎಲೆ ಯಾಕಣ್ಣ ಉದುರ್ಬೇಕು?" ಅಮ್ಮ ಹಣೆ ಚಚ್ಚಿಕೊಂಡಳು.

"ಎಲೆ ಇದ್ದಾಗ ಯಾವ ಮರದ ಹುಳುಕು ಕಾಣ್ತೈತೆ?"

ಶಿವರಾತ್ರಿ ಕಳೆಯುವವರೆಗೂ ನಾನು ಹೊಂಗೆ ಎಲೆಗೆ ಶಾಪ ಹಾಕುತ್ತಾ ಕೂತೆ.

ಕೊನೆಗೂ ಹೋದರು. ಮುಂದಿನದು ಅಮ್ಮ ಹೇಳಿದ್ದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟು "ಬರ್ರಿ, ಕುಂತ್ಕಳ್ರಿ" ಅಂದರೆ ಮಾವ ನೇರ ಹಿತ್ತಲಿಗೆ! ಹೊಂಗೆ ಎರಡು ಕವಲಾಗಿತ್ತು. ಎರಡೂ ಒಂದೇ ದಪ್ಪ, ಒಂದಕ್ಕೊಂದು ಒತ್ತಿಕೊಂಡು ನೆಟ್ಟಗೆ. ಮಾವ ಒಳಗೆ ಬಂದವರೇ, "ಈ ಸಂಬಂಧ ಬ್ಯಾಡ. ಜೋರು ಗಾಳಿ ಬಂದ್ರೆ ಆ ಮರ ನಡುವಿಗೆ ಸೀಳ್ತೈತೆ" ಅಂದುಬಿಟ್ಟರು. ಮನೆಮಂದಿ ಕಕ್ಕಾಬಿಕ್ಕಿ.

ಹುಡುಗ ಮಾತ್ರ ಗರಗಸ ತಂದು, "ಯಾವ ಕೊಂಬೆ ತೆಗೀಲಿ, ತೋರಿಸ್ರಿ" ಅಂದನಂತೆ. ಮಾವ ತೋರಿಸಿದರು. ಹುಡುಗ ಗಾಬರಿಯಲ್ಲಿ ಇನ್ನೊಂದನ್ನು ಕುಯ್ದನಂತೆ! (ನನ್ನ ಗಂಡ ಇವತ್ತಿಗೂ ಹಾಗೇ.) ಅಮ್ಮ ಕಣ್ಣು ಮುಚ್ಚಿಕೊಂಡಳಂತೆ. ಮಾವ ಕುಯ್ದ ಜಾಗ ಸವರಿ, "ಇರ್ಲಿ. ಕೇಳೋ ಬುದ್ಧಿ ಐತೆ. ತಪ್ಪು ಕುಯ್ದ್ರೂ ತೊಗಟೆ ಹರೀದಂಗೆ ಕುಯ್ದವ್ನೆ. ಲಗ್ನ ಇಡಿಸ್ರಿ" ಅಂದರು.

ಮದುವೆಯಾದ ಮೇಲೂ ಮಾವ ಬರುತ್ತಲೇ ಇದ್ದರು. ಮೊದಲು ಹೊಂಗೆ, ಆಮೇಲೆ ಟೀ, ಕೊನೆಗೆ ನಾನು. ಅಡ್ಡಕ್ಕೆ ಹೊರಟ ಒಂದು ಕೊಂಬೆಯನ್ನಂತೂ ಮುಟ್ಟಲು ಬಿಡುತ್ತಿರಲಿಲ್ಲ. "ಮಾವ, ನಿಮಗೆ ನಾನು ಹೆಚ್ಚೋ ಮರ ಹೆಚ್ಚೋ?" ಅಂತ ಜಗಳಕ್ಕೇ ನಿಂತೆ. "ಮರ" ಅಂದರು!

ನನಗೆ ಮಗು ಆಗುವುದು ತಡವಾಯಿತು. ವರ್ಷಗಳು ಹೋದವು. ಊರಿಗೆ ಊರೇ ಕೇಳಿತು, ಮಾವ ಒಂದು ದಿನವೂ ಕೇಳಲಿಲ್ಲ. ಬಂದು ಆ ಕೊಂಬೆ ಒತ್ತಿ ನೋಡಿ ಹೋಗುತ್ತಿದ್ದರು.

ಹೋದ ವಾರ ಬಂದವರು ಅದೇ ಕೊಂಬೆಗೆ ಅಮ್ಮನ ಹಳೇ ಸೀರೆಯ ಜೋಲಿ ಕಟ್ಟಿದರು. ಮೊದಲು ತಾವೇ ಜೋತುಬಿದ್ದು ನೋಡಿದರು, ಆ ಹೊಟ್ಟೆ ಸಮೇತ! ಆಮೇಲೆ ನನ್ನ ಮೂರು ತಿಂಗಳ ಮಗಳನ್ನು ಮಲಗಿಸಿ ಪಕ್ಕದಲ್ಲೇ ನಿಂತರು.

"ಕುಂತ್ಕಳ್ರಿ ಮಾವ, ಕೊಂಬೆ ಗಟ್ಟಿ ಐತೆ" ಅಂದೆ.

"ಇದು ಗಟ್ಟಿ ಐತೆ. ನಿನ್ ಜೋಲಿ ಕಟ್ಟಿದ್ದ ಕೊಂಬೆ ಗಟ್ಟಿ ಇರ್ಲಿಲ್ಲವ್ವ. ನಿಮ್ಮಮ್ಮ ಶೇಂಗಾ ಕೀಳ್ತಿದ್ಲು. ನೀನು ಎದ್ದೇಳಾತನಕ ನಾನು ಆ ಕೊಂಬೆನ ಕೈಯಾಗೆ ಎತ್ತಿ ಹಿಡ್ಕಂಡೇ ನಿಂತಿದ್ದೆ."

ಹಾಗಂದು ಮಾವ ನನ್ನ ಮುಖ ನೋಡಿದರು. ನನಗೇ ನೋಡಲಾಗಲಿಲ್ಲ. ಕಣ್ಣು ತುಂಬಿಕೊಂಡು, ಮೇಲೆ ಕೊಂಬೆ ನೋಡುತ್ತಾ ನಿಂತೆ.