ಎರವಲು ಚೂಡಿದಾರಕ್ಕೆ ಬಂದ ಹೊಗಳಿಕೆ ಯಾರಿಗೆ ಸೇರತಕ್ಕದ್ದು

ಕಾಲೇಜು ವಿದ್ಯಾರ್ಥಿನಿಯರ ನಿಲಯ, ಕೂಡ್ಲಿಗಿ
ಸಂಖ್ಯೆ: ವಿನಿ/ಕೊಠಡಿ-9/ಬಟ್ಟೆ/14/2024-25

ಸುತ್ತೋಲೆ

ವಿಷಯ: ಒಬ್ಬರ ಬಟ್ಟೆಯನ್ನು ಇನ್ನೊಬ್ಬರು ಧರಿಸಿದಾಗ ಮೂರನೆಯವರಿಂದ ಬರುವ ಹೊಗಳಿಕೆಯ ವಿಲೇವಾರಿ.

ಉಲ್ಲೇಖ: 1. ಕೋಮಲಾ, ಬಿ.ಎ. ದ್ವಿತೀಯ ವರ್ಷ, ಇವರ ಮೌಖಿಕ ದೂರು (ಅಳುತ್ತಾ ನೀಡಿದ್ದು).
2. ರಮಾ, ಅದೇ ತರಗತಿ, ಅದೇ ಕೊಠಡಿ, ಇವರ ಮೌಖಿಕ ಉತ್ತರ (ನಗುತ್ತಾ ನೀಡಿದ್ದು).

ತೆಲಿಗಿಯ ಕೋಮಲಾ ಅವರು ವಿದ್ಯಾರ್ಥಿವೇತನ ಜಮೆಯಾದ ದಿನವೇ ಹರಪನಹಳ್ಳಿಗೆ ಹೋಗಿ, ಸಾವಿರದ ನೂರೈವತ್ತು ರೂಪಾಯಿಗೆ ಅರಿಶಿನ ಬಣ್ಣದ ಚೂಡಿದಾರ ತಂದು, ಶನಿವಾರದ ಬೀಳ್ಕೊಡುಗೆ ಸಮಾರಂಭಕ್ಕೆಂದು ಟ್ರಂಕಿನಲ್ಲಿ ಇರಿಸಿದ್ದರು. ಅಂದು ಅಂತಿಮ ವರ್ಷದ ವಿದ್ಯಾರ್ಥಿ ಪ್ರಬುದ್ಧ ಎಂಬುವರು ಭಾಷಣ ಮಾಡಲಿರುವುದಕ್ಕೂ ಈ ಖರೀದಿಗೂ ಸಂಬಂಧವಿಲ್ಲವೆಂದು, ಯಾರೂ ಕೇಳದಿದ್ದರೂ, ಮೂರು ಬಾರಿ ತಿಳಿಸಿರುತ್ತಾರೆ.

ಮಂಗಳವಾರ ರಮಾ "ಕನ್ನಡಿ ಮುಂದ ಒಂದ್ಸಲ ನೋಡ್ಕೊಂಡು ಬಿಚ್ಚಿಡ್ತೀನಿ" ಎಂದು ಅದನ್ನು ಧರಿಸಿ, ತೃಪ್ತಿಕರವಾದ ಕನ್ನಡಿ ನಿಲಯದಲ್ಲಿ ದೊರೆಯದ ಕಾರಣ ಕಾಲೇಜಿನವರೆಗೂ ಹೋಗಿರುತ್ತಾರೆ. ಅಲ್ಲಿ ಪ್ರಬುದ್ಧ "ಡ್ರೆಸ್ ಚಲೋ ಐತಿ, ನಿಮಗ ಭಾಳ ಒಪ್ತೈತಿ" ಎಂದಿದ್ದು, ರಮಾ "ಥ್ಯಾಂಕ್ಸ್ ರಿ" ಎಂದಿರುತ್ತಾರೆ. ಹೆಚ್ಚಿನ ಮಾಹಿತಿ ಒದಗಿಸಿರುವುದಿಲ್ಲ.

ಇನ್ನು ಶನಿವಾರ ಕೋಮಲಾ ಅದನ್ನೇ ಧರಿಸಿದಲ್ಲಿ ರಮಾಳಿಂದ ಎರವಲು ತಂದವರಂತೆ ಕಾಣುವ ಸಂಭವವಿದೆ. "ನನ್ನ ಡ್ರೆಸ್ ಹಾಕ್ಕೊಂಡು ನಾನೇ ಕಳ್ಳಿ ಆಗ್ಬೇಕೇನ್ರಿ ಮೇಡಂ?" ಎಂಬ ಅವರ ಪ್ರಶ್ನೆಯನ್ನು ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ.

1. ಎರವಲು ಬಟ್ಟೆಗೆ ಬಂದ ಹೊಗಳಿಕೆಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ, ಒಂದು ಶಬ್ದವನ್ನೂ ಬದಲಿಸದೆ, ಮಾಲೀಕರಿಗೆ ತಲುಪಿಸತಕ್ಕದ್ದು.

2. "ಡ್ರೆಸ್ ಚಲೋ ಐತಿ" ಎಂಬುದು ಬಟ್ಟೆಯ ಬಾಬತ್ತು. "ನಿಮಗ ಒಪ್ತೈತಿ" ಎಂಬುದು ಮೈಯ ಬಾಬತ್ತು. ಎರಡೂ ಒಟ್ಟಿಗೆ ಬಂದಲ್ಲಿ ಧರಿಸಿದವರು ಮೊದಲನೆಯದಕ್ಕೆ ನಾಚತಕ್ಕದ್ದಲ್ಲ.

3. ನಾಲ್ಕು ಸೆಕೆಂಡಿಗಿಂತ ಕಡಿಮೆ ಅವಧಿಯ ನೋಟವನ್ನು ಹೊಗಳಿಕೆಯೆಂದು ಪರಿಗಣಿಸಲಾಗದು. ಅದಕ್ಕೆ ಮೇಲ್ಪಟ್ಟು ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗಳೂ ನೋಡಿದವನನ್ನೇ ನೋಡುತ್ತಿದ್ದಲ್ಲಿ ಸಾಕ್ಷ್ಯ ಅಸಿಂಧು.

4. ಹೊಗಳಿದವರು ಮಂಡಕ್ಕಿ-ಮಿರ್ಚಿಯನ್ನೂ ಕೊಡಿಸಿದಲ್ಲಿ, ಮಿರ್ಚಿಯನ್ನು ಬಿಸಿ ಆರುವ ಮುನ್ನ ಮಾಲೀಕರಿಗೆ ಒಪ್ಪಿಸತಕ್ಕದ್ದು. ಮಂಡಕ್ಕಿಯನ್ನು ಧರಿಸಿದ ಶ್ರಮಕ್ಕಾಗಿ ಇಟ್ಟುಕೊಳ್ಳಬಹುದು.

5. ಮಾತು ಬಿಟ್ಟಿರುವ ಇಬ್ಬರ ನಡುವೆ ಸಂದೇಶ ಸಾಗಿಸುತ್ತಿರುವ ಅದೇ ಕೊಠಡಿಯ ಮೂರನೆಯ ನಿವಾಸಿ, ಹೊಸಹಳ್ಳಿಯ ಪಂಪಮ್ಮ, "ಒಬ್ಬಾಕಿ ಫ್ಯಾನ್ ಹಚ್ಚು ಅನ್ನು ಅಂತಾಳ, ಇನ್ನೊಬ್ಬಾಕಿ ಆರ್ಸು ಅನ್ನು ಅಂತಾಳ. ಇಬ್ರೂ ನನಗ ಹೇಳ್ತಾರ. ನಾ ಓದೋದು ಯಾವಾಗ್ರಿ?" ಎಂದು ಮನವಿ ಸಲ್ಲಿಸಿರುತ್ತಾರೆ. ಆದ್ದರಿಂದ ದಿನಕ್ಕೆ ಹತ್ತು ಸಂದೇಶಗಳ ಮಿತಿ ವಿಧಿಸಲಾಗಿದೆ. ಬೈಗುಳವನ್ನು ಎರಡು ಸಂದೇಶವೆಂದು ಎಣಿಸಲಾಗುವುದು.

6. ಚೂಡಿದಾರ ಯಾರದೆಂಬುದನ್ನು ರಮಾ ಖುದ್ದಾಗಿ ಪ್ರಬುದ್ಧನಿಗೆ ತಿಳಿಸಿ, ಲಿಖಿತ ಸ್ವೀಕೃತಿ ತರತಕ್ಕದ್ದು.

7. ಮೇಲಿನ ಆದೇಶವನ್ನು ಗುರುವಾರ ಗ್ರಂಥಾಲಯದ ಮುಂದೆ ಪಾಲಿಸಲಾಗಿದೆ. ಕೋಮಲಾ ಕಂಬದ ಮರೆಯಲ್ಲಿ ಹಾಜರಿದ್ದರು. ರಮಾ "ಆ ಡ್ರೆಸ್ ನಂದಲ್ರಿ, ನಮ್ಮ ಕೋಮಲಾಂದು" ಎನ್ನಲಾಗಿ, ಪ್ರಬುದ್ಧ "ಕೋಮಲಾ ಅಂದ್ರ ಯಾರ್ರಿ?" ಎಂದು ಕೇಳಿರುತ್ತಾರೆ. ರಮಾ ಅವರ ನಗು ಅಲ್ಲಿಗೆ ನಿಂತಿರುತ್ತದೆ. "ಎರಡು ವರ್ಷದಿಂದ ನಿಮ್ಮೆದುರಿನ ಟೇಬಲ್ಲಿಗೆ ಕುಂದ್ರಾಕಿ ರಿ. ಭಾಷಣ ಆಮ್ಯಾಲೆ ಮಾಡೀರಂತ, ಮೊದ್ಲು ಕಣ್ಣು ತೋರಿಸ್ಕೊಳ್ರಿ" ಎಂದು ಹೇಳಿ, ಕಂಬದ ಮರೆಯಿಂದ ಕೋಮಲಾರ ಕೈ ಹಿಡಿದು ಕರೆತಂದಿರುತ್ತಾರೆ. ಸ್ವೀಕೃತಿ ಪಡೆಯಲು ಮರೆತಿರುತ್ತಾರೆ.

8. ಅಂದಿನಿಂದ ಕೊಠಡಿಯಲ್ಲಿ ನೇರ ಮಾತುಕತೆ ಪುನರಾರಂಭವಾಗಿದ್ದು, ವಿಷಯ ಒಂದೇ ಇರುತ್ತದೆ: ಪ್ರಬುದ್ಧರ ಕಣ್ಣು. ಶನಿವಾರ ಅದೇ ಚೂಡಿದಾರ ಧರಿಸುವುದಾಗಿ ಕೋಮಲಾ ತಿಳಿಸಿದ್ದಾರೆ: "ಅಂವ ನೋಡ್ಲಿ, ಬಿಡ್ಲಿ. ರೊಕ್ಕ ಕೊಟ್ಟಾಕಿ ನಾನು." ಜಡೆ ಹೆಣೆಯುವ ಹೊಣೆಯನ್ನು ರಮಾ ವಹಿಸಿಕೊಂಡಿರುತ್ತಾರೆ. ಹೀಗಾಗಿ ಒಂದರಿಂದ ಆರರವರೆಗಿನ ಕಂಡಿಕೆಗಳ ಅಗತ್ಯ ಉಳಿದಿರುವುದಿಲ್ಲ. ಆದರೂ ಟೈಪ್ ಆಗಿರುವುದರಿಂದ ಜಾರಿಯಲ್ಲಿರುತ್ತವೆ.

(ಸಹಿ)
ನಿಲಯ ಮೇಲ್ವಿಚಾರಕಿ

ಪ್ರತಿಗಳು:
1. ಅಡುಗೆಯ ಈರಕ್ಕ: ಯಾರಿಂದಲಾದರೂ ಓದಿಸಿಕೊಂಡು, ಯಾರಿಗೂ ಹೇಳದಿರಲು ಕೋರಿ.
2. ಪಂಪಮ್ಮ: ಕಿವಿಗೆ ಹತ್ತಿಯನ್ನು ಕಚೇರಿಯಿಂದ ಪಡೆಯಲು.
3. ಪ್ರಬುದ್ಧ: ಮಾಹಿತಿಗಾಗಿ. ಕೋಮಲಾ ಯಾರೆಂಬ ವಿವರವನ್ನು ಲಗತ್ತಿಸಿರುವುದಿಲ್ಲ.