ಅಮ್ಮಾವ್ರ ಹಸಿವು

ಸಂಜೆ ನಾಲ್ಕಕ್ಕೆ ಎಲ್ಲ ಮನೆಗಳಿಗೂ ಜಿರಲೆ ಔಷಧಿ ಹೊಡೆಸಲಾಗುವುದು ಎಂಬ ಚೀಟಿಯನ್ನು ಬೆಳಗ್ಗೆ ಮೆಟ್ಟಿಲ ಬಳಿ ಓದಿದ್ದೇ ತಡ, ಎರಡನೇ ಮಹಡಿಯ ದರ್ಜಿ ಅದನ್ನು ಕಿತ್ತು ಕೈಯಲ್ಲಿ ಹಿಡಿದ.

ಅವನ ಹೊಲಿಗೆ ಕೋಣೆಯ ಕಪಾಟಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಅಂಗೈ ಅಗಲದ ಒಂದು ಟರಾಂಟುಲಾ ಜೇಡ ಬಿಡಾರ ಹೂಡಿ ಒಂಬತ್ತು ವರ್ಷವಾಗಿತ್ತು. ಮೈತುಂಬ ಕಂದು ರೋಮ, ನಡಿಗೆಯಲ್ಲಿ ಭಾರಿ ಗತ್ತು. ಇಡೀ ಕಟ್ಟಡ ಅದನ್ನು ಅಮ್ಮಾವ್ರು ಎಂದೇ ಕರೆಯುತ್ತಿತ್ತು. ಎದುರಾಡದೆ ತನ್ನ ಮಾತು ಕೇಳುವ ಜೀವ ಮನೆಯಲ್ಲಿ ಅದೊಂದೇ ಎಂದು ದರ್ಜಿಗೆ ಅದರ ಮೇಲೆ ಪ್ರಾಣ. ಜಿರಲೆಯನ್ನು ಕೊಲ್ಲುವ ಔಷಧಿ ಜೇಡವನ್ನೂ ಬಿಡುವುದಿಲ್ಲ, ಗಾಳಿಯಲ್ಲಿ ತೇಲಿ ಬಂದರೂ ಸಾಕು.

ಅವನು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಮನೆಗೆ ಓಡಿದ. ಅವರು ನಿವೃತ್ತ ಡ್ರಿಲ್ ಮೇಷ್ಟ್ರು.

"ಸಾರ್, ನಮ್ಮನೆ ಒಂದು ಬಿಟ್ಬಿಡಿ."

"ಒಂದು ಮನೆ ಬಿಟ್ರೆ ಎಲ್ಲಾ ಜಿರಲೆನೂ ಅಲ್ಲೇ ಠಿಕಾಣಿ ಹೂಡ್ತವೆ ಕಣ್ರೀ. ಅಮ್ಮಾವ್ರನ್ನ ಒಂದಿನ ನೆಂಟರ ಮನೇಲಿ ಬಿಟ್ಟು ಬನ್ನಿ."

"ಪೊರೆ ಬಿಡೋ ಸಮಯ ಸಾರ್. ಈಗ ಅಲುಗಾಡಿಸಿದ್ರೆ ಜೀವಕ್ಕೇ ಅಪಾಯ."

ಮೇಷ್ಟ್ರು ಯೋಚಿಸಿದರು. "ಮೂರೂವರೆಗೆ ನಾನೇ ಬಂದು ನೋಡ್ತೀನಿ. ಒಂದೇ ಒಂದು ಜಿರಲೆ ಕಂಡ್ರೂ ಔಷಧಿ ಹೊಡೆಸೋದೇ."

ದರ್ಜಿ ಮನೆಗೆ ಬಂದು ಹೆಂಡತಿಯನ್ನು ಕೇಳಿದ. "ನಮ್ಮನೇಲಿ ಎಷ್ಟು ಜಿರಲೆ ಇರಬಹುದೇ?"

"ನಿಮ್ಮನ್ನ ಸೇರಿಸಿಯಾ, ಬಿಟ್ಟಾ?" ಎಂದಳು ಅವಳು.

ಆದರೂ ಪಾಪ, ಬಾಟಲಿಗಳ ಬಾಯಿಯ ಒಳಗಡೆ ಎಣ್ಣೆ ಸವರಿ, ತಳಕ್ಕೆ ಬಾಳೆಹಣ್ಣಿನ ಸಿಪ್ಪೆ ಹಾಕಿ ಕೊಟ್ಟಳು. ಒಳಗಿಳಿದ ಜಿರಲೆ ಜಾರಿ ಜಾರಿ ಅಲ್ಲೇ ಉಳಿಯುತ್ತಿತ್ತು. ಬಾಟಲಿಗೆ ಬಗ್ಗದವನ್ನು ದರ್ಜಿ ಅಡಿಗೋಲಿನಿಂದ ತಿವಿದು ಹೊರಡಿಸಿ, ಕೈಯಲ್ಲೇ ಹಿಡಿದು ಸಾಬೂನು ನೀರಿನ ಬಕೆಟ್ಟಿಗೆ ಹಾಕಿದ. ಅಂಗಿ ಹೊಲಿಸಲು ಕೊಟ್ಟಿದ್ದವರೆಲ್ಲ ಬಂದು ಬೈದು ಹೋದರು.

ಅಷ್ಟರಲ್ಲಿ ಕೆಳಮನೆಯ ಅಜ್ಜಿ ಬಂದರು. ದರ್ಜಿಯ ಕಾಲೆರಡು ಮಾತ್ರ ಕಪಾಟಿನಡಿಯಿಂದ ಹೊರಗಿದ್ದವು.

"ಏನಪ್ಪಾ, ಸೂಜಿ ಕಳ್ಕೊಂಡ್ಯಾ?"

"ಹೂಂ ಅಜ್ಜಿ."

"ಅಗೋ, ನಿನ್ನ ಸೂಜಿ ಗೋಡೆ ಹತ್ತಿ ಓಡ್ತಿದೆ ನೋಡು!"

ಆಮೇಲೆ ಅಜ್ಜಿ ಕುರ್ಚಿ ಎಳೆದು ಕೂತು, ಎಲ್ಲೆಲ್ಲಿ ಯಾವುದು ಓಡಿತೆಂದು ಬೆರಳು ತೋರಿಸುತ್ತ ಅಲ್ಲೇ ಉಳಿದರು. ಮೂರು ಗಂಟೆಗೆ ಬಕೆಟ್ಟಿನಲ್ಲಿ ಅರವತ್ತಮೂರು ಜಿರಲೆಗಳಿದ್ದವು. ದರ್ಜಿಯ ಮಂಡಿಯ ಚರ್ಮ ಕಿತ್ತುಹೋಗಿತ್ತು. ಹೆಂಡತಿ ಬಕೆಟ್ಟನ್ನು ಹಿತ್ತಲಿನ ಚರಂಡಿಗೆ ಸುರಿದು ಬಂದಳು.

ಮೂರೂವರೆಗೆ ಮೇಷ್ಟ್ರು ಬೆತ್ತ ಹಿಡಿದು ಮೂಲೆಮೂಲೆ ತಟ್ಟಿದರು. ಒಂದು ಮೀಸೆಯೂ ಕಾಣಲಿಲ್ಲ.

"ಇವತ್ತಿಲ್ಲ, ಸರಿ. ನಾಳೆ ಪೈಪಿನಲ್ಲಿ ಮತ್ತೆ ಬಂದ್ರೆ?"

ದರ್ಜಿ ಬಾಯಿ ಬಿಡುವ ಮೊದಲೇ ಅವರ ಕಣ್ಣು ಗಾಜಿನ ಪೆಟ್ಟಿಗೆಯ ಮೇಲೆ ಬಿತ್ತು. "ಓಹೋ! ಅಮ್ಮಾವ್ರು ಇದಾರಲ್ಲ! ಎಲ್ಲಾ ಇವರೇ ಸ್ವಾಹಾ ಮಾಡ್ತಾರೆ ಅನ್ನಿ!"

"ನಾನೇ ಕಣ್ಣಾರೆ ನೋಡ್ದೆ," ಎಂದರು ಅಜ್ಜಿ. "ಬೆಳಗ್ಗೆಯಿಂದ ಅದರ ಊಟಕ್ಕೇ ಹಿಡೀತಿದ್ದ, ಪುಣ್ಯಾತ್ಮ."

ಪೊರೆ ಬಿಡುವ ಮುಂಚಿನ ಉಪವಾಸ ಹಿಡಿದು ಅಮ್ಮಾವ್ರು ಊಟ ಮುಟ್ಟಿ ಎರಡು ತಿಂಗಳಾಗಿತ್ತು. ಮನೆಯ ಜಿರಲೆ ಎಲ್ಲೋ ವಿಷ ತಿಂದಿರಬಹುದೆಂದು ದರ್ಜಿ ಅದನ್ನು ಅಮ್ಮಾವ್ರಿಗೆ ಎಂದೂ ಹಾಕಿದವನೂ ಅಲ್ಲ. ಆದರೆ ಈಗ ಬೇರೆ ದಾರಿ ಕಾಣದೆ, "ಹೌದು ಸಾರ್" ಎಂದುಬಿಟ್ಟ.

ಔಷಧಿಯವನನ್ನು ಮೇಷ್ಟ್ರು ಗೇಟಿನಿಂದಲೇ ವಾಪಸು ಕಳಿಸಿದರು. ದರ್ಜಿಗೆ ಕಣ್ಣು ತುಂಬಿ ಬಂತು. "ಬದುಕಿಕೊಂಡ್ರಿ ಅಮ್ಮಾವ್ರೇ" ಎಂದು ಪೆಟ್ಟಿಗೆಯ ಮುಂದೆ ಕುಸಿದು ಕೂತ.

ಆರು ಗಂಟೆಗೆ ಬೆಲ್ ಆಯಿತು. ಬಾಗಿಲು ತೆರೆದರೆ ಕಟ್ಟಡದ ಉಳಿದ ಎಂಟೂ ಮನೆಯವರು ಸಾಲಾಗಿ ನಿಂತಿದ್ದಾರೆ, ಎಲ್ಲರ ಕೈಯಲ್ಲೂ ಬಾಟಲಿ, ಡಬ್ಬಿ. ಎಲ್ಲದರೊಳಗೂ ಪರಪರ ಸದ್ದು.

"ಔಷಧಿ ಯಾಕೆ, ಎಲ್ಲರ ಮನೆ ಜಿರಲೆನೂ ಅಮ್ಮಾವ್ರಿಗೇ ಇರ್ಲಿ. ಅವರನ್ನ ಅಲುಗಾಡಿಸಬಾರದು ಅಂದ್ರಲ್ಲ, ಅದಕ್ಕೆ ನಾವೇ ತಂದ್ವಿ," ಎಂದರು ಮುಂದಿದ್ದ ಮೇಷ್ಟ್ರು. "ಅಜ್ಜಿ ಬಾಟಲಿ ಉಪಾಯ ಹೇಳ್ಕೊಟ್ರು."

"ಅಯ್ಯೋ, ಬೇಡ ಸಾರ್..." ಎನ್ನುವಷ್ಟರಲ್ಲಿ ಅಮ್ಮಾವ್ರ ಊಟ ನೋಡಲು ಹಿಂದಿನವರು ನುಗ್ಗಿದರು. ಮುಂದಿನವರು ಮುಗ್ಗರಿಸಿದರು. ಡಬ್ಬಿಗಳು ಉರುಳಿ ಮುಚ್ಚಳಗಳು ಹಾರಿದವು. ಇಡೀ ಕಟ್ಟಡದ ಜಿರಲೆ ಹೊಲಿಗೆ ಯಂತ್ರದಡಿಗೆ, ಬಟ್ಟೆ ರಾಶಿಯೊಳಕ್ಕೆ, ಒಲೆಯ ಹಿಂದಕ್ಕೆ ದಿಕ್ಕಾಪಾಲಾಗಿ ಓಡಿತು. ಎಲ್ಲರೂ ಉಸಿರು ಬಿಗಿಹಿಡಿದು ಗಾಜಿನ ಪೆಟ್ಟಿಗೆಯತ್ತ ನೋಡಿದರು. ಅಮ್ಮಾವ್ರು ಒಂದು ಕಾಲನ್ನೂ ಅಲ್ಲಾಡಿಸಲಿಲ್ಲ.

"ಪಾಪ, ಹೊಟ್ಟೆ ತುಂಬಿರಬೇಕು," ಎಂದರು ಮೇಷ್ಟ್ರು ಕನಿಕರದಿಂದ. "ನಿಧಾನವಾಗಿ ತಿನ್ಲಿ, ಏನೂ ಅವಸರ ಇಲ್ಲ. ಬೆಳಗ್ಗೆ ಏಳಕ್ಕೆ ಬಂದು ನೋಡ್ತೀನಿ. ಒಂದೆರಡು ಉಳಿದಿದ್ರೂ ತಲೆ ಕೆಡಿಸ್ಕೋಬೇಡಿ, ಔಷಧಿಯವನು ಇದ್ದೇ ಇದ್ದಾನೆ."