ಊರು ತೋರಿಸುವ ನಮ್ಮ ಕಾಕಾ

ನಮ್ಮ ಕಾಕಾನ ಕೈಗೆ ಸಿಕ್ಕು, ಊರು ನೋಡದೆ ಪಾರಾದವರು ಬನಹಟ್ಟಿಯಲ್ಲಿ ಯಾರೂ ಇಲ್ಲ. ಒಬ್ಬ ಕಳ್ಳನೂ ಪಾರಾಗಲಿಲ್ಲ! ಹಿತ್ತಲ ಗೋಡೆ ಹಾರಿ ಸಿಕ್ಕಿಬಿದ್ದ ಆ ಬಡಪಾಯಿಯನ್ನು ಚಾವಡಿಗೆ ಒಪ್ಪಿಸುವ ಕೆಲಸ ಕಾಕಾನ ಪಾಲಿಗೆ ಬಂತು. ನೆಟ್ಟಗೆ ಚಾವಡಿಗೆ ಹೋಗಬೇಕೋ ಬೇಡವೋ? ಈಶ್ವರನ ಗುಡಿ, ಸಿಹಿನೀರಿನ ಬಾವಿ, ಸಂತೆಯ ಕಟ್ಟೆ, ಮುರಿದ ಅಗಸಿ ಬಾಗಿಲು ಎಲ್ಲವನ್ನೂ ತೋರಿಸಿ, ಕಟ್ಟಕಡೆಗೆ ಚಾವಡಿಯನ್ನೂ ತೋರಿಸಿ ಒಪ್ಪಿಸಿದ. "ಪರ ಊರಾಂವ, ಮತ್ತ ಯಾವಾಗ ಬರ್ತಾನೋ ಏನೋ" ಎಂಬುದು ಅವನ ಸಮಜಾಯಿಷಿ. ಕಳ್ಳ ಮಾತ್ರ, "ಲಗೂನ ಒಳಗ ಹಾಕ್ರೀ ಯಪ್ಪಾ, ಕಾಲು ಸೋತಾವು" ಎಂದು ಗೋಗರೆದನಂತೆ.

ಹೊಟ್ಟೆಪಾಡಿಗೆ ಕಾಕಾ ನೇಕಾರ. ಆದರೆ ಬೀದಿಯಲ್ಲಿ ಪರ ಊರಿನ ಚಕ್ಕಡಿಯ ಸಪ್ಪಳವಾದರೆ ಸಾಕು, ಲಾಳಿಯನ್ನು ಅಲ್ಲೇ ಬಿಟ್ಟು ಮಗ್ಗದ ಕುಣಿಯಿಂದ ಎದ್ದುಬಿಡುತ್ತಿದ್ದ. ಉಳಿದ ಸೀರೆಯನ್ನು ಅವನ ಹೆಂಡತಿ, ನಮ್ಮ ಕಾಕು, ನೇಯುತ್ತಿದ್ದಳು. ಒಮ್ಮೆ ಮುಧೋಳದ ಕಡೆಯಿಂದ ಪಕ್ಕದ ಮನೆಗೆ ಹೆಣ್ಣು ನೋಡಲು ಬಂದವರು ಕಾಲು ತೊಳೆಯುವ ಮೊದಲೇ ಇವನ ಕೈಗೆ ಸಿಕ್ಕರು. ತಿರುಗಿ ಬರುವ ಹೊತ್ತಿಗೆ ಹೊತ್ತು ಇಳಿದಿತ್ತು. ವರನ ತಂದೆ ಹೊಸ್ತಿಲಲ್ಲೇ ಕೂತುಬಿಟ್ಟು, "ಹುಡುಗಿ ಪಸಂದ ಅದಾಳ. ಮೊದಲ ಊಟಕ್ಕ ಹಾಕ್ರಿ!" ಎಂದರು. ಅವರು ಹುಡುಗಿಯನ್ನು ಇನ್ನೂ ನೋಡಿಯೇ ಇರಲಿಲ್ಲ.

ಇಂಥವನ ಕೈಗೆ ಒಮ್ಮೆ ಹಡಗಿನ ಮಂದಿ ಸಿಕ್ಕರು! ಸಮುದ್ರ ಎಲ್ಲಿ, ಬನಹಟ್ಟಿ ಎಲ್ಲಿ ಎನ್ನುತ್ತೀರಾ? ಆಗ ಜಮಖಂಡಿ ಸಂಸ್ಥಾನದ ಕಾಲ. ದೇಶ ಸುತ್ತುವ ದೊಡ್ಡ ಹಡಗೊಂದು ಗೋವೆಯ ಬಂದರಿನಲ್ಲಿ ನಾಲ್ಕು ದಿನ ನಿಂತಿತ್ತು. ಗುಡಿಗಳನ್ನೂ ಹಳ್ಳಿಯ ಬಾಳುವೆಯನ್ನೂ ನೋಡಬೇಕೆಂದು ಹಟ ಹಿಡಿದ ನಾಲ್ವರು ಬಿಳಿಯರು, ಯಾರದೋ ಪರಿಚಯದ ಪತ್ರ ಹಿಡಿದು, ರೈಲು ಹತ್ತಿ ಕುಡಚಿಯಲ್ಲಿ ಇಳಿದು ಸಂಸ್ಥಾನದ ಅತಿಥಿಗಳಾದರು. ಜಮಖಂಡಿಯಲ್ಲಿ ಉಳಿದು, ಮರುದಿನ ಮುಂಜಾನೆ ನಮ್ಮೂರು ನೋಡಿ, ಮಧ್ಯಾಹ್ನದ ಗಾಡಿಗೆ ಕುಡಚಿ ಮುಟ್ಟಬೇಕು. ಆ ಗಾಡಿ ತಪ್ಪಿದರೆ ಹಡಗು ತಪ್ಪಿದಂತೆಯೇ. ಆಗ ನಾನು ಹೊಸದಾಗಿ ಸಾಲೆಯ ಮಾಸ್ತರನಾಗಿದ್ದೆ. ಊರಿನಲ್ಲಿ ನಾಲ್ಕಕ್ಷರ ಇಂಗ್ಲಿಷ್ ಬಲ್ಲವನು ನಾನೊಬ್ಬನೇ ಆದ್ದರಿಂದ ದುಭಾಷಿಯ ಪಟ್ಟ ನನಗೇ ಬಂತು.

ಅವರೊಂದಿಗೆ ಮೋಟಾರಿನಲ್ಲಿ ಬಂದ ಸಂಸ್ಥಾನದ ಕಾರಕೂನರು ಇಳಿಯುತ್ತಲೇ ಕಾಕಾನನ್ನು ಬದಿಗೆ ಕರೆದರು.

"ನಿನ್ನ ಕೀರ್ತಿ ಜಮಖಂಡಿ ಮಟಾ ಬಂದೈತಿ. ಒಂದು ತಾಸು ಅಂದ್ರ ಒಂದ ತಾಸು! ಗಾಡಿ ತಪ್ಪಿತು ಅಂದ್ರ, ನೀ ಇನ್ನ ಈ ಊರಾಗ ಯಾರಿಗೂ ಏನೂ ತೋರಿಸಬಾರದಂತ ಹುಕುಂ ಹೊರಡಸ್ತೇನಿ. ತಿಳೀತ?"

ಕಾಕಾನ ಮುಖದ ಬಣ್ಣವೇ ಇಳಿಯಿತು. ಜೈಲಿಗೆ ಹಾಕುತ್ತೇನೆ ಎಂದಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ. ಜೈಲಿನಲ್ಲಿಯಾದರೂ ಹೊಸ ಕೈದಿಗಳಿಗೆ ಜೈಲು ತೋರಿಸಬಹುದಲ್ಲ!

"ಅರ್ಧಾ ತಾಸು ಸಾಕ್ರೀ ಸಾಹೇಬ್ರ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಗುಡಿಯ ಹಿಂಗೋಡೆಯಲ್ಲಿ ಕೆತ್ತಿದ ಆನೆಯೊಂದಕ್ಕೇ ಅವನಿಗೆ ಅರ್ಧ ತಾಸು ಬೇಕು.

ಆದದ್ದೂ ಹಾಗೆಯೇ. ಆ ಆನೆಯ ಸೊಂಡಿಲು ಎಡಕ್ಕೇಕೆ ಹೊರಳಿದೆ, ಕೆತ್ತಿದವನಿಗೆ ಅಂದು ಊಟಕ್ಕೆ ಏನು ಬಡಿಸಿರಬಹುದು ಎಂದು ಕಾಕಾ ಕೈಬಾಯಿ ಎರಡನ್ನೂ ಆಡಿಸುತ್ತ ಹೇಳಿದ್ದೇ ಹೇಳಿದ್ದು. ನಾನು ಗಂಟಲು ಸರಿಮಾಡಿಕೊಂಡು, "ವೆರಿ ಓಲ್ಡ್ ಎಲಿಫೆಂಟ್" ಎಂದೆ.

"ಲೇ ಮಾಸ್ತರ, ನಾ ಇಷ್ಟೊತ್ತನ ಹೇಳಿದ್ದು ಇಷ್ಟಽ ಆತೇನು?"

"ಇಂಗ್ಲಿಷ್ ಭಾಳ ಸಣ್ಣ ಭಾಷಾ ಐತಿ ಕಾಕಾ" ಎಂದೆ. ಪಾಪ, ನಂಬಿದ.

ಅಲ್ಲಿಂದ ನಮ್ಮ ಮನೆಯ ಅಡಿಗೆಮನೆ. ನಾಲ್ವರಲ್ಲಿದ್ದ ಒಬ್ಬ ಮೇಡಂ, ನಮ್ಮ ಊರವರ ಬಾಯಲ್ಲಿ ಮಡ್ಡಮ್ಮ, ನೆಲದ ಮೇಲೆ ಕೂತು ತಾನೂ ಜೋಳದ ರೊಟ್ಟಿ ಬಡಿಯುತ್ತೇನೆ ಎಂದಳು. ಕಾಕು ಹಿಟ್ಟಿನ ಉಂಡೆ ಕೊಟ್ಟಳು. ಬಡಿದದ್ದು ದುಂಡಗೂ ಇಲ್ಲ, ಚೌಕವೂ ಇಲ್ಲ, ಒಂದು ಬದಿ ಹಸಿ, ಇನ್ನೊಂದು ಬದಿ ಇದ್ದಿಲು. ಅತಿಥಿ ಮಾಡಿದ್ದನ್ನು ಚೆಲ್ಲಬಾರದೆಂದು ಕಾಕಾ ಅದನ್ನು ಪೂರಾ ತಿಂದ! ಅತ್ತ ಕಾರಕೂನರು ಕಿಸೆಯಿಂದ ಗಡಿಯಾರ ತೆಗೆಯುವುದು, ಇಡುವುದು, ಮತ್ತೆ ತೆಗೆಯುವುದು ನಡೆದೇ ಇತ್ತು.

ಅಂತೂ ಎಲ್ಲರನ್ನೂ ಗುಡಿಯ ಮುಂದೆ ನಿಂತಿದ್ದ ಮೋಟಾರಿಗೆ ಹತ್ತಿಸಿದೆವು. ಇನ್ನೂ ಹೊತ್ತಿತ್ತು. ನಾನೂ ಕಾಕಾನೂ ಹಿಂದೆ ನಡೆದು ಬರುತ್ತಿದ್ದಂತೆ, ಮೋಟಾರು ಗುಡಿಯ ಓಣಿ ದಾಟಿ ನೇಕಾರರ ಓಣಿಯ ಬಾಯಿಗೆ ಬಂದದ್ದೇ ಗಕ್ಕನೆ ನಿಂತಿತು. ಮುಂದೆ ದಾರಿ ಕಟ್ಟಿ ಹಾಸು!

ಹಾಸು ಎಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆ. ಸಾವಿರಾರು ನೂಲೆಳೆಗಳನ್ನು ಓಣಿಯ ಈ ತುದಿಯಿಂದ ಆ ತುದಿಗೆ ಎದೆಮಟ್ಟದಲ್ಲಿ ಬಿಗಿದು, ಗಂಜಿ ಸವರಿ ಬಿಸಿಲಿಗೆ ಒಣಗಿಸುತ್ತಾರೆ. ಒಣಗುವ ಮೊದಲು ಇಳಿಸಿದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಕುಡಚಿಯ ರಸ್ತೆ ಹಾಸಿನ ಆಚೆಗೆ, ನಾವು ಈಚೆಗೆ. ಬೇರೆ ದಾರಿಯಿಲ್ಲ. ಈ ಘನಕಾರ್ಯ ಮಾಡಿಸಿದವರು ಯಾರು? ನಮ್ಮ ಕಾಕಾನೇ! ಅತಿಥಿಗಳು ನೋಡಲೆಂದು ಓಣಿಯವರಿಗೆ ದುಂಬಾಲು ಬಿದ್ದು ಅವತ್ತೇ ಹಾಸು ಹಾಕಿಸಿದ್ದ.

"ಕಡದ ಒಗೀರಿ ಅದನ್ನ!" ಕಾರಕೂನರು ಕೂಗಿದರು.

ಕಾಕಾ ಹಾಸಿನ ಮುಂದೆ ಕೈಚಾಚಿ ನಿಂತ. "ಮಂದಿ ಅನ್ನ ಐತ್ರಿ ಅದು. ನೀವು ಬೇಕಾದ್ರ ಹುಕುಂ ಹೊರಡಸ್ರಿ ಸಾಹೇಬ್ರ, ಇನ್ನ ನಾ ಯಾರಿಗೂ ಊರು ತೋರಸೂದಿಲ್ಲ. ಹಾಸು ಕಡ್ಯಾಕ ಬಿಡೂದಿಲ್ಲ."

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಕಾಕು ಬಂದಳು. ಓಣಿಯ ಹೆಂಗಸರನ್ನೆಲ್ಲ ಕೂಗಿದಳು.

"ಆ ತುದಿ ಹಗ್ಗ ಒಂದೀಟ ಸಡ್ಲ ಬಿಡ್ರಿ. ನೆಲಕ್ಕ ಹತ್ತಗೊಡಬ್ಯಾಡ್ರಿ. ಎಲ್ಲಾರೂ ಎತ್ತಿ ಹಿಡೀರಿ, ಹೂಂ!"

ನಲವತ್ತು ಕೈಗಳು ಕೋಲು ಕೊಟ್ಟು ಹಾಸನ್ನು ತಲೆಯ ಮೇಲಕ್ಕೆ ಎತ್ತಿದವು. ಹೊದಿಕೆ ಮಡಚಿದ ಮೋಟಾರು ಅದರ ಅಡಿಯಲ್ಲಿ ಮೆಲ್ಲಗೆ ತೆವಳಿತು. ಒಂದು ಎಳೆಯೂ ಹರಿಯಲಿಲ್ಲ, ಕಾರಕೂನರ ರುಮಾಲಿಗೆ ಮಾತ್ರ ಗಂಜಿ ಬಡಿಯಿತು. ಒಳಗೆ ಕೂತವರ ಸಂಭ್ರಮ ನೋಡಬೇಕಿತ್ತು! ಇದು ನಮ್ಮೂರಿನಲ್ಲಿ ಅತಿಥಿಗಳನ್ನು ಬೀಳ್ಕೊಡುವ ಪುರಾತನ ಪದ್ಧತಿ ಎಂದು ತಿಳಿದು ಚಪ್ಪಾಳೆ ಹೊಡೆದರು. ಮಡ್ಡಮ್ಮನಂತೂ ಎದ್ದು ನಿಂತು ಕೈಮುಗಿದಳು. ನಾನು ದುಭಾಷಿ, ಬಾಯಿ ಮುಚ್ಚಿಕೊಂಡು ನಿಂತೆ.

ಮುಂದಿನ ಮೂರು ತಾಸು ಕಾಕಾ ಅನ್ನ ಮುಟ್ಟಲಿಲ್ಲ. ಹೊತ್ತು ಇಳಿದಾಗ ಮೋಟಾರು ತಿರುಗಿ ಬಂತು. ಕಾರಕೂನರು ನಗುತ್ತಿದ್ದರು. "ಗಾಡಿ ಸಿಕ್ಕಿತಪಾ! ಗಾರ್ಡ ನಿಶಾನಿ ಎತ್ತಿದ್ದ, ಓಡಿಸಿ ಹತ್ತಿಸಿದ್ವಿ. ನಿಮ್ಮೂರ ಭಾಳ ಮನಸಿಗೆ ಬಂದೈತಿ ಅವರಿಗೆ. ಆ ಹಾಸು ಎತ್ತೂ ಪದ್ಧತಿ ಮುಂದ ಊರಿಗೆ ಬರೂ ಪಾವಣ್ಯಾರಿಗೂ ಮಾಡ್ರಿ, ಆತ?"

ಓಣಿಗೆ ಓಣಿಯೇ ಉಸಿರುಬಿಟ್ಟಿತು. ಹುಕುಂ ಇಲ್ಲ, ಏನಿಲ್ಲ! ಕಾಕಾ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಎರಡು ಸಲ ತಂಬಿಗೆ ನೀರು ತರಿಸಿ ಕುಡಿದು, ಹಳೆಯ ಗತ್ತಿನಲ್ಲಿ ನನ್ನನ್ನು ಕೇಳಿದ. "ಹಡಗಿನ ಮಂದೀನೂ ನೋಡಿ ಹ್ವಾದ್ರು. ನಮ್ಮೂರು ನೋಡಲಾರದವರು ಇನ್ಯಾರ ಉಳದಾರ ಹೇಳಲೇ ಮಾಸ್ತರ?"

"ನಾ ಉಳದೀನ್ರಿ" ಎಂದಳು ಕಾಕು. ಆಗಷ್ಟೇ ಹಾಸು ಇಳಿಸಿ ಬಂದು, ಬಾಗಿಲಲ್ಲಿ ನಿಂತು ಕೈಗಂಟಿದ ಗಂಜಿ ತೊಳೆಯುತ್ತಿದ್ದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಒಂಬತ್ತು ವರ್ಷದಾಕಿ ಇದ್ದಾಗ ಲಗ್ನಾಗಿ ಬಂದೇನಿ. ಸೆರಗು ಮುಂದ ಎಳಕೊಂಡು ನೆಲಾ ನೋಡಕೋತ ಬಾವಿಗೆ ಹೋಗೇನಿ, ಗುಡಿಗೆ ಹೋಗೇನಿ, ಮನಿಗೆ ಬಂದೇನಿ. ಆ ಆನಿ ಯಾವ ಗ್ವಾಡಿ ಮ್ಯಾಲ ಐತಂತ ಇವತ್ತಿಗೂ ನನಗ ಗೊತ್ತಿಲ್ಲ."

ಕಾಕಾ ಚಾಚಿದ ಕಾಲನ್ನು ಮಡಚಿಕೊಂಡ.

ಮರುದಿನ ಮುಂಜಾನೆ ಸಾಲೆಗೆ ಹೊರಟವನು ನೋಡುತ್ತೇನೆ, ಕಾಕಾ ಮುಂದೆ, ನಾಲ್ಕು ಹೆಜ್ಜೆ ಹಿಂದೆ ಕಾಕು. ಗುಡಿಯ ಬಾಗಿಲಲ್ಲಿ ಕಾಕಾ ನಿಂತ. ಅವಳು ಸಮಕ್ಕೆ ಬರುವವರೆಗೆ ನಿಂತೇ ಇದ್ದ. ಗಂಡ ಹೆಂಡತಿ ಬೀದಿಯಲ್ಲಿ ಜೊತೆಯಾಗಿ ನಡೆಯದ ಕಾಲವದು. ನನಗೆ ಕಣ್ಣು ತುಂಬಿ ಬಂತು. ಮಕ್ಕಳು ಕಾಯುತ್ತಿದ್ದರೂ ಅಲ್ಲೇ ಕಂಬದ ಮರೆಯಲ್ಲಿ ನಿಂತುಬಿಟ್ಟೆ.

ಹಿಂಗೋಡೆಯ ಮುಂದೆ ಕಾಕಾ ಬಾಯಿ ತೆರೆದ. ಊರಿಗೆ ಬಂದವರೆಲ್ಲರ ಕಿವಿ ತೂತು ಮಾಡಿದ ಮನುಷ್ಯ! "ಇದು... ಇದು ಆನಿ" ಎಂದ. ಸೊಂಡಿಲಿನತ್ತ ಎತ್ತಿದ ಕೈ ಅಲ್ಲೇ ನಿಂತಿತು.

ಕಾಕು ಸೆರಗು ಒಂದಿಷ್ಟು ಹಿಂದೆ ಸರಿಸಿ ತಲೆಯೆತ್ತಿ ನೋಡಿದಳು.

"ಸಾವಕಾಶ ಹೇಳ್ರಿ. ನನಗೇನ ಗಾಡಿ ಹಿಡೀಬೇಕಾಗಿಲ್ಲ."